ಟೇಲರ್ ಸಾಹೇಬ ಮತ್ತು ಹೆಸರಿಲ್ಲದ ಹೆಣಗಳು

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಏನು ಓಡ್ತದೆ ಅಂತ ಎಲ್ಲರಿಗೂ ಗೊತ್ತು. ಟ್ರೂ ಕ್ರೈಮ್. ಅಮೆರಿಕದ ಅಯೋವಾ ರಾಜ್ಯದ ವಿಲಿಸ್ಕಾ ಅನ್ನೋ ಸಣ್ಣ ಊರಲ್ಲಿ 1912ರ ಜೂನ್ ತಿಂಗಳ ಒಂದು ರಾತ್ರಿ ಒಂದೇ ಮನೆಯೊಳಗೆ ಎಂಟು ಜನರನ್ನು ಕೊಡಲಿಯಿಂದ ಕೊಂದರು. ಕೊಂದವರು ಯಾರು ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ಆದರೆ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಆ ಮನೆಯ ಯಾವ ಕೋಣೆಯಲ್ಲಿ ಯಾರು ಮಲಗಿದ್ದರು ಅನ್ನೋದು ಬಾಯಿಪಾಠ. ಗುರುತು ಸಿಗದ ಹೆಣಕ್ಕೆ ಅಲ್ಲಿ ಜಾನ್ ಡೋ, ಜೇನ್ ಡೋ ಅಂತ ಹೆಸರಿಡ್ತಾರೆ ಅನ್ನೋದೂ ಗೊತ್ತು.

ನಾವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯವರು. ನಮ್ಮ ಸೀಮೆಯಲ್ಲಿ ಇಂಥ ಕೇಸು ಇರಲಿಲ್ಲವೇ ಅಂತ ಹುಡುಕಲು ಹೊರಟಾಗ ಮತ್ತೆ ಮತ್ತೆ ಎದುರಾದದ್ದು ಒಬ್ಬನೇ ಮನುಷ್ಯ: ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಹೆಸರು ಗೊತ್ತಿರ್ತದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಠಕ್ಕರ ಕಾದಂಬರಿ ಬರೆದವನು ಅಂತ ಗೊತ್ತಿರ್ತದೆ. ನಮಗೆ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಈತನ ಬದುಕಿನುದ್ದಕ್ಕೂ, ಒಂದಾದ ಮೇಲೊಂದು, ಲೆಕ್ಕ ಹತ್ತದ ಸಾವುಗಳು ಬಂದು ನಿಲ್ಲುತ್ತವೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಕೆಟ್ಟಿತು. ಮಗನನ್ನು ಓದಿಸುವ ಬದಲು ಬೊಂಬಾಯಿಯ ಒಬ್ಬ ವರ್ತಕನ ಹತ್ತಿರ ಕೆಲಸಕ್ಕೆ ಕಳಿಸಿದರು. ಹದಿನೈದು ವರ್ಷದ ಹುಡುಗ 1824ರಲ್ಲಿ ಬೊಂಬಾಯಿಯಲ್ಲಿ ಇಳಿದ. ಇಳಿದು ನೋಡಿದರೆ ಆ ವರ್ತಕನ ಸ್ಥಿತಿಯೂ ಅಷ್ಟರಲ್ಲೇ ಇತ್ತು. ನಾವೀಗ ಪ್ಲೇಸ್‌ಮೆಂಟ್ ಆಫರ್ ಕ್ಯಾನ್ಸಲ್ ಆಯ್ತು ಅಂತೀವಲ್ಲ, ಹಂಗೆ. ಬೊಂಬಾಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಯೊಬ್ಬ ಕೈಹಿಡಿದ. ಅದೇ ವರ್ಷದ ಕೊನೆಗೆ ಹುಡುಗ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಸಣ್ಣ ಅಧಿಕಾರಿಯಾಗಿ ಔರಂಗಾಬಾದಿಗೆ ಹೋದ. ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಅಲ್ಲ ಇದು, ನಿಜಾಮನ ನೌಕರಿ. ಈ ವ್ಯತ್ಯಾಸ ಆತನಿಗೆ ಜೀವನಪೂರ್ತಿ ಚುಚ್ಚುತ್ತಲೇ ಇತ್ತು.

ಕಾಲೇಜು ಇಲ್ಲ, ಡಿಗ್ರಿ ಇಲ್ಲ. ಹಿಂದುಸ್ತಾನಿ, ಪರ್ಷಿಯನ್, ಮರಾಠಿ ಕಲಿತ. ಸರ್ವೇ ಕಲಿತ, ಕಾನೂನು ಕಲಿತ, ಚಿತ್ರ ಬರೆಯೋದು ಕಲಿತ, ಮುಂದೆ ರಸ್ತೆ ಹಾಕೋದು, ಕೆರೆ ಕಟ್ಟೋದೂ ಕಲಿತ. ಎಲ್ಲ ತನ್ನಷ್ಟಕ್ಕೆ ತಾನೇ. ಇಪ್ಪತ್ತರ ಆಸುಪಾಸಿನಲ್ಲಿ, ಅಂದ್ರೆ ನಮ್ಮ ವಯಸ್ಸಿನಲ್ಲಿ, ನಿಜಾಮನ ರಾಜ್ಯದ ನೈಋತ್ಯ ಭಾಗದ ಪೊಲೀಸ್ ಉಸ್ತುವಾರಿ ಈತನ ಕೈಗೆ ಬಂತು. ಸದಾಶಿವಪೇಟೆ, ತುಳಜಾಪುರದ ಕಡೆ ಓಡಾಟ. ಸದಾಶಿವಪೇಟೆ ಈಗ ತೆಲಂಗಾಣದಲ್ಲಿದೆ, ಚಿಂಚೋಳಿಯವರಿಗೆ ಅಂಥ ದೂರವೇನಲ್ಲ. ನಮ್ಮ ಐದೂ ಊರುಗಳು ಆಗ ಅದೇ ನಿಜಾಮನ ಸೀಮೆಯೊಳಗಿದ್ದವು.

ಮೊದಲ ಕೇಸು ಇಲ್ಲಿ ಶುರು. ದಾರಿಯಲ್ಲಿ ಹೋದ ಜನ ಊರು ಮುಟ್ಟುತ್ತಿಲ್ಲ ಅನ್ನೋ ಗಾಳಿಮಾತು ಟೇಲರ್ ಕಿವಿಗೆ ಬೀಳತೊಡಗಿತು. ಕೊಲೆಯ ಸುದ್ದಿ ಇದೆ, ಕೊಂದವನ ಸುಳಿವಿಲ್ಲ. ಬೆನ್ನು ಹತ್ತಿದ. ಆದರೆ 1829ರಲ್ಲಿ ಹಳೆಯ ನಿಜಾಮ ತೀರಿಕೊಂಡ. ಹೊಸದಾಗಿ ಬಂದ ನಾಸಿರುದ್ದೌಲ ತನ್ನ ಜಿಲ್ಲೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಬೇಡ ಅಂದ. ಟೇಲರ್ ವಾಪಸ್ ಪಲ್ಟಣಕ್ಕೆ ಹೋಗಬೇಕಾಯ್ತು. ಸ್ವಲ್ಪ ಸಮಯದಲ್ಲೇ ಉತ್ತರದಲ್ಲಿ, ಜಬಲ್ಪುರದ ಕಡೆ, ವಿಲಿಯಂ ಸ್ಲೀಮನ್ ಠಕ್ಕರ ಜಾಲವನ್ನು ಬಯಲಿಗೆಳೆದ. ಹೆಸರೆಲ್ಲ ಅವನಿಗೆ ಹೋಯ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ತಾನೇ ಹಿಡಿಯುತ್ತಿದ್ದೆ ಅನ್ನೋ ಕೊರಗು ಟೇಲರ್‌ನನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಠಕ್ಕರ ಕೆಲಸದ ರೀತಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹೆಣ ಹೆಸರು ಕಳ್ಕೊಳ್ಳೋದು ಅಲ್ಲೇ. ರೈಲಿಲ್ಲದ ಕಾಲ. ರಜೆಗೆ ಊರಿಗೆ ಹೊರಟ ಸಿಪಾಯಿ, ಹುಂಡಿಯ ಹಣ ಒಯ್ಯುವವನು, ಬಟ್ಟೆ ವ್ಯಾಪಾರಿ, ಎಲ್ಲರೂ ನಡೆದೇ ಹೋಗಬೇಕು. ಒಬ್ಬರೇ ಹೋಗಲು ಭಯ, ಹಾಗಾಗಿ ಜೊತೆ ಹುಡುಕುತ್ತಾರೆ. ಆ ಜೊತೆಯೇ ಠಕ್ಕರು. ದಿನಗಟ್ಟಲೆ ಒಟ್ಟಿಗೆ ಉಣ್ಣುತ್ತಾರೆ, ಕಥೆ ಹೇಳುತ್ತಾರೆ, ಹಾಡುತ್ತಾರೆ. ಮುಂದಿನ ಬೀಡಿನಲ್ಲಿ ಕೆಲವರು ಮೊದಲೇ ಹೋಗಿ ಗುಂಡಿ ತೋಡಿರುತ್ತಾರೆ. ಸಂಕೇತ ಸಿಕ್ಕ ತಕ್ಷಣ ಕುತ್ತಿಗೆಗೆ ಬಟ್ಟೆ ಬೀಳ್ತದೆ. ರಕ್ತ ಇಲ್ಲ, ಕೂಗಾಟ ಇಲ್ಲ. ಹೆಣ ಊದಿ ಮಣ್ಣು ಬಿರಿಯದಂತೆ, ನರಿ ಬಂದು ಕೆದರದಂತೆ ಅದನ್ನು ಸೀಳಿ ಹೂಳುತ್ತಾರೆ. ಮೇಲೆ ನೆಲ ಸಮ ಮಾಡಿ ಒಲೆ ಹೂಡಿ ಅಡಿಗೆ ಮಾಡಿದರೆ ಮುಗೀತು.

ಊರಲ್ಲಿ ಕಾಯೋರಿಗೆ ಗೊತ್ತಾಗೋದು ಯಾವಾಗ? ಆರು ತಿಂಗಳು, ವರ್ಷ. ಗೊತ್ತಾದರೂ ಎಲ್ಲಿ ದೂರು ಕೊಡೋದು? ಹೊರಟದ್ದು ಒಬ್ಬ ರಾಜನ ಸೀಮೆಯಿಂದ, ಸತ್ತದ್ದು ಇನ್ನೊಬ್ಬನ ಸೀಮೆಯಲ್ಲಿ, ಸೇರಬೇಕಾದದ್ದು ಮತ್ತೊಬ್ಬನ ಸೀಮೆ. ಮಿಸ್ಸಿಂಗ್ ಕಂಪ್ಲೇಂಟ್ ಒಂದು ಕಡೆ, ಹೆಣ ಇನ್ನೊಂದು ಕಡೆ, ಎರಡನ್ನೂ ಜೋಡಿಸೋ ಟೇಬಲ್ ಇಲ್ಲ. ಡೇಟಾಬೇಸ್ ಓದಿದವರಿಗೆ ಈ ಸಮಸ್ಯೆ ಹೊಸದಲ್ಲ. ಕಾಮನ್ ಕೀ ಇಲ್ಲದಿದ್ದರೆ ಜಾಯಿನ್ ಆಗಲ್ಲ.

ಇನ್ನೊಂದು ವಿಷಯ ನಮ್ಮನ್ನು ಬಹಳ ಕಾಡಿತು. ಮುಂದೆ ಟೇಲರ್‌ನೇ ಬರೆದಂತೆ, ಹಿಂಗೋಲಿಯಲ್ಲಿ ಹರಿಸಿಂಗ್ ಅನ್ನೋ ಮರ್ಯಾದಸ್ಥ ವ್ಯಾಪಾರಿ ಇದ್ದ. ದಂಡಿನ ಅಧಿಕಾರಿಗಳೆಲ್ಲ ಅವನ ಹತ್ತಿರ ವ್ಯವಹಾರ ಮಾಡ್ತಿದ್ದರು, ಟೇಲರ್ ಕೂಡ ಮಾಡಿದ್ದ. ಅವನು ಠಕ್ಕರ ಮುಖ್ಯಸ್ಥರಲ್ಲಿ ಒಬ್ಬ ಅಂತ ಆಮೇಲೆ ಗೊತ್ತಾಯ್ತು. ದಂಡಿನ ಕಾವಲುಮನೆಯಿಂದ ಕೆಲವೇ ನೂರು ಗಜ ದೂರದಲ್ಲಿ ಹೆಣಗಳು ಸಿಕ್ಕವು.

ಆಮೇಲೆ ಸರ್ಕಾರ ಏನು ಮಾಡಿತು ಅನ್ನೋದು ಕಾನೂನಿನ ದೃಷ್ಟಿಯಿಂದ ವಿಚಿತ್ರ. ಸತ್ತವನು ಯಾರು ಅಂತಲೇ ಗೊತ್ತಿಲ್ಲದೆ ಕೊಲೆ ಸಾಬೀತು ಮಾಡೋದು ಹೆಂಗೆ? 1836ರಲ್ಲಿ ಹೊಸ ಕಾಯ್ದೆ ತಂದರು. ಒಬ್ಬ ಮನುಷ್ಯ ಯಾವತ್ತಾದರೂ ಠಕ್ಕರ ಗುಂಪಿಗೆ ಸೇರಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಯಾರನ್ನು ಕೊಂದ, ಯಾವ ದಿನ ಕೊಂದ, ಯಾವುದೂ ಬೇಕಿಲ್ಲ. ಸಾಬೀತು ಮಾಡೋರು ಯಾರು? ಸಿಕ್ಕಿಬಿದ್ದ ಇತರ ಠಕ್ಕರು, ಮಾಫಿ ಸಾಕ್ಷಿಗಳು. ತನ್ನ ಕುತ್ತಿಗೆ ಉಳಿಸಿಕೊಳ್ಳಲು ಇನ್ನೊಬ್ಬನ ಹೆಸರು ಹೇಳೋ ಸಾಕ್ಷಿ. ಹಾಗಾಗಿ ಈಗಿನ ಕೆಲವು ಇತಿಹಾಸಕಾರರು ಠಕ್ಕರ ಬಗ್ಗೆ ಬ್ರಿಟಿಷರು ಕಟ್ಟಿದ ಚಿತ್ರವನ್ನೇ ಅನುಮಾನಿಸುತ್ತಾರೆ. ದಾರಿಗಳ್ಳತನ ಇತ್ತು, ಕೊಲೆಗಳಿದ್ದವು. ಆದರೆ ಇಡೀ ದೇಶಕ್ಕೆ ಹಬ್ಬಿದ, ಕಾಳಿಗೆ ಬಲಿ ಕೊಡುವ ಒಂದೇ ಗುಪ್ತ ಪಂಥ ಅನ್ನೋದು ಎಷ್ಟು ನಿಜ, ಸಾಹೇಬರ ಕಲ್ಪನೆ ಎಷ್ಟು? ನಮಗೂ ಈ ಅನುಮಾನ ಸರಿಯೆನಿಸುತ್ತದೆ. ಸಿಕ್ಕ ಹೆಣಗಳಂತೂ ಕಲ್ಪನೆಯಲ್ಲ.

ಟೇಲರ್ ಕಾದಂಬರಿಯ ಮುನ್ನುಡಿಯಲ್ಲಿ ಒಂದು ಪಟ್ಟಿ ಇದೆ. 1831ರಿಂದ 1837ರವರೆಗೆ 3,266 ಠಕ್ಕರ ಲೆಕ್ಕ. 412 ಜನಕ್ಕೆ ಗಲ್ಲು, 1,059 ಜನ ಕಡಲಾಚೆ ಗಡೀಪಾರು, 483 ಜನ ಮಾಫಿ ಸಾಕ್ಷಿ. ಕೊಂದವರ ಲೆಕ್ಕ ಒಂದು ತಲೆಯೂ ತಪ್ಪದಂತೆ ಇದೆ. ಸತ್ತವರ ಪಟ್ಟಿ ಅದರ ಪಕ್ಕದಲ್ಲಿಲ್ಲ.

ಆ ಕಾದಂಬರಿ ಬಂದದ್ದು 1839ರಲ್ಲಿ, ಟೇಲರ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ. ಹೆಸರು ಕನ್ಫೆಶನ್ಸ್ ಆಫ್ ಎ ಥಗ್. ಅಮೀರ್ ಅಲಿ ಅನ್ನೋ ಮಾಫಿ ಸಾಕ್ಷಿ ತನ್ನ ಕಥೆ ತಾನೇ ಹೇಳ್ತಾ ಹೋಗುತ್ತಾನೆ. ಒಟ್ಟು 719 ಕೊಲೆ. ಜೈಲಿನಲ್ಲಿ ಹನ್ನೆರಡು ವರ್ಷ ಹೋಗದಿದ್ದರೆ ಸಾವಿರ ಮುಟ್ಟುತ್ತಿತ್ತು ಅನ್ನೋ ಹೆಮ್ಮೆ ಬೇರೆ. ಲಂಡನ್ ಹುಚ್ಚೆದ್ದು ಓದಿತು. ವಿಕ್ಟೋರಿಯಾ ರಾಣಿ ಪುಸ್ತಕ ಅಚ್ಚಾಗೋ ಮೊದಲೇ ಹಾಳೆ ಹಾಳೆಯಾಗಿ ತರಿಸಿಕೊಂಡು ಓದಿದಳು. ನಮ್ಮ ಠಕ್ಕ ಅನ್ನೋ ಶಬ್ದದ ಬಂಧುವಾದ ಥಗ್ ಇಂಗ್ಲಿಷಿನಲ್ಲಿ ಮನೆಮಾತಾಗಲು ಈ ಪುಸ್ತಕದ ಪಾಲು ದೊಡ್ಡದು. ನಾವು ಓದಿದಾಗ ಅನಿಸಿದ್ದೇನೆಂದರೆ, ಇದು ಇವತ್ತಿನ ಸೀರಿಯಲ್ ಕಿಲ್ಲರ್ ವೆಬ್ ಸೀರೀಸ್‌ಗಳ ಅಜ್ಜ. ಕೊಲೆಗಾರನ ದನಿ ಎಷ್ಟು ಚಂದ ಅಂದ್ರೆ ನಾವೇ ಅವನ ಜೊತೆ ಹೆಜ್ಜೆ ಹಾಕಿಬಿಡ್ತೀವಿ. ಗುಂಡಿಯೊಳಗಿದ್ದವರ ಕಡೆ ತಿರುಗಿ ನೋಡಬೇಕು ಅನಿಸೋದು ಪುಸ್ತಕ ಮುಚ್ಚಿದ ಮೇಲೆ.

ರಜೆ ಮುಗಿಸಿ ಬಂದವನನ್ನು 1841ರಲ್ಲಿ ಸುರಪುರಕ್ಕೆ ಕಳಿಸಿದರು. ಬೇಡರ ನಾಯಕರ ಸಂಸ್ಥಾನ, ಗೋಸಲ ವಂಶ. ಆಗ ರಾಜ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕನಿಗೆ ಏಳೆಂಟು ವರ್ಷ. ರಾಣಿ ಈಶ್ವರಮ್ಮ ಗಟ್ಟಿ ಹೆಂಗಸು, ಅರಮನೆಯೊಳಗೆ ಬಣಗಳು, ಖಜಾನೆ ಖಾಲಿ. ಟೇಲರ್ ಮುಂದಿನ ಹನ್ನೆರಡು ವರ್ಷ ಅಲ್ಲೇ ಉಳಿದ. ಜಮೀನು ಅಳೆಸಿದ, ಕಂದಾಯ ಗೊತ್ತು ಮಾಡಿದ, ರಸ್ತೆ ಹಾಕಿಸಿದ, ಬೋನಾಳದ ಕೆರೆ ದುರಸ್ತಿ ಮಾಡಿಸಿದ. ಈಗ ಬೋನಾಳ ಪಕ್ಷಿಧಾಮಕ್ಕೆ ಹೋಗಿ ರೀಲ್ಸ್ ಮಾಡೋ ಸಿವಿಲ್ ಬ್ರ್ಯಾಂಚಿನ ಗೆಳೆಯರು ಒಮ್ಮೆ ಕಟ್ಟೆಯ ಕಡೆಗೂ ಕ್ಯಾಮೆರಾ ತಿರುಗಿಸಲಿ. ಇದರ ನಡುವೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಇಲ್ಲಿಂದಲೇ ವರದಿ ಬರೆಯುತ್ತಿದ್ದ. ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು, ಈ ವರ್ಷಗಳಲ್ಲೇ ತೀರಿಕೊಂಡಳು. ಟೇಲರ್ ಮತ್ತೆ ಮದುವೆ ಆಗಲಿಲ್ಲ. ಪುಟ್ಟ ರಾಜ ಈತನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ.

ಎರಡನೆಯ ಕೇಸಿಗೆ ಭೀಮಾ ನದಿಯ ದಂಡೆಗೆ, ಜೇವರ್ಗಿಗೆ ಬರಬೇಕು. ಶಹಾಬಾದದವರಿಗೆ ಹೊಳೆ ದಾಟಿದರೆ ಜೇವರ್ಗಿ ಸೀಮೆ. ಸುರಪುರದಲ್ಲಿದ್ದಾಗ ಟೇಲರ್ ಕಣ್ಣು ಹೊಲಗಳಲ್ಲಿ ನಿಂತ ಹಳೆಯ ಕಲ್ಲುಗಳ ಮೇಲೆ ಬಿತ್ತು. ರಾಜನಕೋಳೂರಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಮನೆಗಳು. ಊರವರು ಅವುಗಳಿಗೆ ಮೋರ್ಯರ ಮನೆ ಅಂತಿದ್ದರು, ಮೂರು ಗೇಣಿನ ಕುಳ್ಳರು ಅದರಲ್ಲಿ ವಾಸವಾಗಿದ್ದರಂತೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ, ಗ್ರಾಫ್ ಶೀಟಿನ ಮೇಲೆ ಚುಕ್ಕೆ ಇಟ್ಟಂತೆ ಇಟ್ಟ ಬಂಡೆಗಳು. ಜೇವರ್ಗಿಯ ಹತ್ತಿರ ದುಂಡಗೆ ಕಲ್ಲು ಸುತ್ತಿದ ಗುಪ್ಪೆಗಳು. 1850ರ ಆಸುಪಾಸಿನಲ್ಲಿ ಟೇಲರ್ ಜೇವರ್ಗಿಯ ಗುಪ್ಪೆಗಳನ್ನು ಅಗೆಸಿದ.

ಕಪ್ಪು ಮಣ್ಣು, ಅದರ ಕೆಳಗೆ ತುಂಬಿದ ಮಣ್ಣು ಕಲ್ಲು, ಇನ್ನೂ ಕೆಳಗೆ ಚಪ್ಪಡಿಯ ಪೆಟ್ಟಿಗೆಯಂಥ ಗೋರಿ. ಒಳಗೆ ಎಲುಬು, ಕಪ್ಪು ಕೆಂಪು ಬಣ್ಣದ ಮಡಕೆ, ಕಬ್ಬಿಣದ ಆಯುಧ. ಇಷ್ಟಾಗಿದ್ದರೆ ಅದು ಗೋರಿ ಅಷ್ಟೇ. ಆದರೆ ಗೋರಿಯ ಮೇಲಿನ ಪದರದಲ್ಲಿ ಇನ್ನೂ ಅಸ್ಥಿಪಂಜರಗಳು ಸಿಕ್ಕವು. ಹೆಂಗೆಂದರೆ ಹಂಗೆ ಬಿದ್ದಿದ್ದವು. ಕೆಲವಕ್ಕೆ ತಲೆ ಇರಲಿಲ್ಲ. ತಲೆಬುರುಡೆ ಬೇರೆ ಕಡೆ ಇತ್ತು.

ಟೇಲರ್ ತೀರ್ಮಾನ ಏನು? ನರಬಲಿ. ಯಾರೋ ದೊಡ್ಡವರು ಸತ್ತಾಗ ಆಳುಗಳನ್ನೋ ಸೆರೆಯವರನ್ನೋ ಕಡಿದು ಮೇಲೆ ಎಸೆದಿದ್ದಾರೆ. ಕಟ್ಟಿದವರು ಸಿಥಿಯನ್ನರ, ಡ್ರೂಯಿಡರ ಸಂಬಂಧಿಕರು, ಯಾಕಂದ್ರೆ ಇಂಗ್ಲೆಂಡ್, ಐರ್ಲೆಂಡಿನಲ್ಲೂ ಇಂಥವೇ ಕಲ್ಲುಗಳಿವೆ. ಇದನ್ನೆಲ್ಲ ಮೊದಲು ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಆಮೇಲೆ 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಬರೆದ.

ಈಗ ಡ್ರೂಯಿಡರ ಮಾತು ಯಾರೂ ಒಪ್ಪಲ್ಲ. ದಖ್ಖನಿನ ಈ ಗೋರಿಗಳು ಇಲ್ಲಿನ ಕಬ್ಬಿಣ ಯುಗದ ಜನರವು, ಕ್ರಿಸ್ತಪೂರ್ವ ಮೊದಲ ಸಹಸ್ರಮಾನದವು. ನರಬಲಿಯ ಮಾತಿಗೂ ಬೇರೆ ಉತ್ತರ ಇದೆ. ಆ ಕಾಲದಲ್ಲಿ ಎಷ್ಟೋ ಕಡೆ ಹೆಣವನ್ನು ಕೂಡಲೇ ಹೂಳ್ತಿರಲಿಲ್ಲ. ಬಯಲಲ್ಲಿ ಬಿಟ್ಟು, ಮಾಂಸ ಹೋದ ಮೇಲೆ ಆಯ್ದ ಎಲುಬುಗಳನ್ನು ತಂದು ಗೋರಿಯಲ್ಲಿ ಇಡ್ತಿದ್ದರು. ಒಂದೇ ಗೋರಿಯನ್ನು ಮತ್ತೆ ತೆರೆದು ಇನ್ನೊಬ್ಬರನ್ನು ಇಡೋದೂ ಇತ್ತು. ಅಂಥ ಕಡೆ ತಲೆ ಒಂದು ದಿಕ್ಕಿಗೆ, ಮೈ ಒಂದು ದಿಕ್ಕಿಗೆ ಇದ್ದರೆ ಕೊಲೆ ಅಂತ ಹೇಳಕ್ಕಾಗಲ್ಲ. ಇನ್ನೊಂದು ಕಡೆ, ಮೈಯ ಎಲುಬುಗಳೆಲ್ಲ ಕೀಲಿಗೆ ಕೀಲು ಕೂಡಿಕೊಂಡಿದ್ದು ತಲೆ ಮಾತ್ರ ಇಲ್ಲದಿದ್ದರೆ ಟೇಲರ್ ಮಾತಿಗೆ ತೂಕ ಬರ್ತದೆ. ಈಗಾದರೆ ಕುತ್ತಿಗೆಯ ಎಲುಬನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕತ್ತಿಯ ಗೀರು ಇದೆಯೇ ಅಂತ ನೋಡ್ತಾರೆ. ಹಸಿ ಎಲುಬಿಗೆ ಬಿದ್ದ ಏಟು, ಒಣಗಿದ ಎಲುಬು ಮುರಿದದ್ದು, ಎರಡರ ಅಂಚೂ ಬೇರೆ ಬೇರೆ ಇರ್ತದೆ. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಹೇಳಿಕೊಡೋ ಡಕ್ಟೈಲ್, ಬ್ರಿಟಲ್ ವ್ಯತ್ಯಾಸ ಇಲ್ಲಿ ಕೊಲೆಯ ಸಾಕ್ಷಿ ಹೇಳ್ತದೆ.

ನಮ್ಮ ಅಭಿಪ್ರಾಯ ಹೇಳಿಬಿಡ್ತೀವಿ. ಹದಿಹರೆಯ ದಾಟುವ ಹೊತ್ತಿಗೇ ಮಾಯವಾದ ದಾರಿಹೋಕರ ಬೆನ್ನು ಹತ್ತಿದವನು, ಆಮೇಲೆ ಮೂರು ಸಂಪುಟ ಕತ್ತು ಹಿಸುಕೋ ಕಥೆ ಬರೆದವನು, ಗುಂಡಿಯಲ್ಲಿ ಎಲುಬು ಕಂಡಾಗ ಮೊದಲು ಕೊಲೆ ಅಂತಲೇ ಯೋಚಿಸುತ್ತಾನೆ. ಇದು ಸಹಜ, ಆದರೆ ಸಾಕ್ಷಿಯಲ್ಲ. ಹಾಗಂತ ಟೇಲರ್‌ನನ್ನು ತಳ್ಳಿಹಾಕೋ ಹಾಗೂ ಇಲ್ಲ, ಕಾರಣ ಆತ ಬಿಟ್ಟುಹೋದ ಚಿತ್ರಗಳು. ಆ ಕಾಲದಲ್ಲಿ ಗೋರಿ ಅಗೆಯೋರು ಮಡಕೆ, ಆಯುಧ ಎತ್ತಿಕೊಂಡು ಹೋಗ್ತಿದ್ದರು, ಅಷ್ಟೇ. ಟೇಲರ್ ಹಾಗೆ ಮಾಡಲಿಲ್ಲ. ಗುಪ್ಪೆಯನ್ನು ನಡುವೆ ಸೀಳಿದಂತೆ ಸೆಕ್ಷನ್ ಬರೆದ. ಯಾವ ಪದರ ಎಲ್ಲಿ, ಯಾವ ಎಲುಬು ಯಾವ ಪದರದಲ್ಲಿ, ಎಲ್ಲ ಕಾಣುವಂತೆ. ನಾವು ಮೊದಲ ವರ್ಷ ಡ್ರಾಯಿಂಗ್ ಹಾಲಿನಲ್ಲಿ ಬೈದುಕೊಂಡು ಬರೆದ ಸೆಕ್ಷನಲ್ ವ್ಯೂ, ಅದೇ. ನೂರು ವರ್ಷದ ನಂತರ 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಇಂಥವೇ ಗೋರಿ ಅಗೆದ ಮಾರ್ಟಿಮರ್ ವೀಲರ್, ಆಗ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥ, ಟೇಲರ್‌ನ ಸೆಕ್ಷನ್‌ಗಳು ತಮ್ಮ ಕಾಲಕ್ಕಿಂತ ಎಷ್ಟೋ ಮುಂದಿದ್ದವು ಅಂತ ಮೆಚ್ಚಿದ. ಕಾರಣ ತಪ್ಪಿರಬಹುದು, ರೀಡಿಂಗ್ ಸರಿ ಬರೆದಿಟ್ಟಿದ್ದಾನೆ. ರೀಡಿಂಗ್ ಸರಿ ಇದ್ದರೆ ಇನ್ನೊಬ್ಬರು ಲೆಕ್ಕ ಮತ್ತೆ ಮಾಡಬಹುದು.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯವರಿಗೆ ಪದರ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಫರಸಿ ಕಲ್ಲಿನ ಗಣಿಯಲ್ಲಿ ನೆಲ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ತದೆ. ಹೆಸರಿನ ವಿಷಯವೂ ನಮ್ಮಲ್ಲೇ ಹೋಲಿಸಿ ನೋಡಬಹುದು. ಜೇವರ್ಗಿಯಿಂದ ಅದೇ ಭೀಮೆಯ ಹರಿವಿನ ಜೊತೆ ಕೆಳಗೆ ಹೋದರೆ ಚಿತ್ತಾಪುರ ತಾಲೂಕಿನ ಸನ್ನತಿ, ಪಕ್ಕದಲ್ಲಿ ಕನಗನಹಳ್ಳಿ. ಅಲ್ಲಿ 1990ರ ದಶಕದಲ್ಲಿ ಸ್ತೂಪ ಅಗೆದಾಗ ಒಂದು ಕೆತ್ತನೆ ಸಿಕ್ಕಿತು: ರಾಜ, ರಾಣಿ, ಪರಿವಾರ. ಅದರ ಮೇಲೆ ಬ್ರಾಹ್ಮಿಯಲ್ಲಿ ಕೆಲವೇ ಅಕ್ಷರ, ಅಶೋಕ ರಾಜ ಅಂತ. ಅಷ್ಟೇ ಅಕ್ಷರಕ್ಕೆ ಕಲ್ಲಿನ ಆ ಮುಖ ಅಶೋಕನಾಯ್ತು. ಜೇವರ್ಗಿಯ ಗೋರಿ ಕಟ್ಟಿದವರು ಅಕ್ಷರ ಬಿಡಲಿಲ್ಲ. ಒಳಗೆ ಮರ್ಯಾದೆಯಿಂದ ಮಲಗಿಸಿದವನಿಗೂ ಹೆಸರಿಲ್ಲ, ಮೇಲೆ ತಲೆಯಿಲ್ಲದೆ ಬಿದ್ದವನಿಗೂ ಹೆಸರಿಲ್ಲ.

ಮೂರನೆಯ ಸಾವಿನಲ್ಲಿ ಹೆಸರು ಗೊತ್ತು. ಹೆಸರಿಗೆ ನಮ್ಮ ಕಡೆ ಇವತ್ತಿಗೂ ಮರ್ಯಾದೆ ಇದೆ.

1853ರಲ್ಲಿ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದ, ಟೇಲರ್ ಸಂಸ್ಥಾನ ಒಪ್ಪಿಸಿ ನಳದುರ್ಗಕ್ಕೆ ಹೋದ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಟೇಲರ್‌ನನ್ನು ಬೇರಾರಿಗೆ ಕಳಿಸಿದ್ದರು. ಜನ ಮಹಾದೇವ ಬಾಬಾ ಅಂತ ಕರೆಯುತ್ತಿದ್ದ ಈ ಸಾಹೇಬ ಅಲ್ಲಿ ಸೈನ್ಯವಿಲ್ಲದೇ ಜಿಲ್ಲೆ ಹಿಡಿದಿಟ್ಟ. ಆದರೆ ಸಾಕಿದ ಹುಡುಗ ಇತ್ತ ಕತ್ತಿ ಹಿರಿದಿದ್ದ. 1858ರ ಫೆಬ್ರವರಿಯಲ್ಲಿ ಸುರಪುರದ ಮುಂದೆ ಕಾಳಗ ನಡೀತು, ಕ್ಯಾಪ್ಟನ್ ನ್ಯೂಬೆರಿ ಸತ್ತ. ಬೇರೆ ಬೇರೆ ದಿಕ್ಕಿನಿಂದ ಇನ್ನಷ್ಟು ಸೈನ್ಯ ಬರುತ್ತಿದ್ದ ಹಾಗೆ ರಾಜ ರಾತ್ರಿ ಹೊರಟು ಹೈದರಾಬಾದ್ ಸೇರಿದ. ಅಲ್ಲಿ ದಿವಾನ ಸಾಲಾರ್ ಜಂಗನ ಜನ ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು.

ಟೇಲರ್ ಜೈಲಿಗೆ ಹೋಗಿ ಭೇಟಿಯಾದ. ಹೊರಗೆ ಸರ್ಕಾರದ ಅಧಿಕಾರಿ, ಒಳಗೆ ಅಪ್ಪಾ. ಜೊತೆಗೆ ಯಾರ್ಯಾರಿದ್ದರು ಅಂತ ಕೇಳಿದಾಗ ರಾಜ ಒಬ್ಬರ ಹೆಸರನ್ನೂ ಬಾಯಿಬಿಡಲಿಲ್ಲ. ಗಲ್ಲಿಗೆ ಹಾಕೋದಾದರೆ ಬೇಡ, ಕಳ್ಳನ ಹಾಗೆ ನೇತಾಡಲಾರೆ, ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿ ಅಂತ ಕೇಳಿಕೊಂಡ. ಮರಣದಂಡನೆ ಆಯ್ತು. ರೆಸಿಡೆಂಟ್ ಅದನ್ನು ಇಳಿಸಿದ, ಗವರ್ನರ್ ಜನರಲ್ ಇನ್ನೂ ಇಳಿಸಿ ನಾಲ್ಕು ವರ್ಷದ ಸೆರೆ ಮಾಡಿದ, ಮದ್ರಾಸಿನ ಹತ್ತಿರ ಚೆಂಗಲ್ಪಟ್ಟು ಕಡೆ. ನಡತೆ ಸರಿ ಇದ್ದರೆ ಸಂಸ್ಥಾನ ವಾಪಸ್ ಸಿಗೋ ಆಸೆಯೂ ಇತ್ತು.

ಟೇಲರ್‌ಗೆ ಇಲ್ಲಿ ಇನ್ನೊಂದು ಭಯ. ಎಷ್ಟೋ ವರ್ಷದ ಹಿಂದೆ ರಾಣಿ ಈಶ್ವರಮ್ಮ ತಾನು ಸಾಯುತ್ತೇನೆ ಅಂದುಕೊಂಡ ರಾತ್ರಿ ಟೇಲರ್‌ನನ್ನು ಕರೆಸಿ, ಮಗನ ಜಾತಕದ ಗುಟ್ಟು ಹೇಳಿದ್ದಳು. ಇಪ್ಪತ್ನಾಲ್ಕನೇ ವರ್ಷ ದಾಟಲ್ಲ ಅಂತ ಬರೆದಿತ್ತಂತೆ. ಟೇಲರ್ ನಂಬಿರಲಿಲ್ಲ. ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕ ಸೋತಿತು ಅಂತ ಸಂತೋಷಪಟ್ಟ.

ಚೆಂಗಲ್ಪಟ್ಟಿನ ದಾರಿಯಲ್ಲಿ ರಾಜ ಸತ್ತ. ಟೇಲರ್ ಬರೆದ ಪ್ರಕಾರ, ಕಾವಲಿನ ಅಧಿಕಾರಿ ಗುಡಾರದೊಳಗೆ ರಿವಾಲ್ವರಿನ ಬೆಲ್ಟ್ ಬಿಚ್ಚಿ ಕುರ್ಚಿಗೆ ಹಾಕಿ ಹೊರಗೆ ಹೋಗಿದ್ದ, ಗುಂಡಿನ ಸದ್ದು ಕೇಳಿ ಓಡಿ ಬಂದ. ರಾಜ ಬಿದ್ದಿದ್ದ. ವಯಸ್ಸು ಇಪ್ಪತ್ನಾಲ್ಕು ನಡೀತಿತ್ತು.

ಬೇಕಂತಲೇ ಹಾರಿಸಿಕೊಂಡನೇ, ಕೈಯಲ್ಲಿ ಹಿಡಿದು ನೋಡುವಾಗ ಗುಂಡು ಹಾರಿತೇ, ಇಲ್ಲ ಕೊಂದರೇ? ನಮ್ಮ ಕಡೆ ಮೂರೂ ಮಾತು ಕೇಳಿಬರ್ತವೆ. ಕೊಲೆ ಅನ್ನೋರ ವಾದ ಹೀಗೆ: ದಂಗೆ ಎದ್ದ ರಾಜ, ಇಪ್ಪತ್ನಾಲ್ಕು ವರ್ಷದ ಬಿಸಿ ರಕ್ತ, ಅಂಥವನ ಪಕ್ಕದಲ್ಲಿ ತುಂಬಿದ ರಿವಾಲ್ವರ್ ಬಿಟ್ಟು ಯಾವ ಕಾವಲುಗಾರ ಹೊರಗೆ ಹೋಗ್ತಾನೆ? ರಾಜ ವಾಪಸ್ ಬಾರದೆ ಹೋದದ್ದರಿಂದ 1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟುಬಿಟ್ಟರು. ಆತ್ಮಹತ್ಯೆ ಅನ್ನೋರ ವಾದವೂ ಸುಮ್ಮನೆ ಅಲ್ಲ: ಕಳ್ಳನ ಸಾವು ಬೇಡ ಅಂದವನಿಗೆ ಕೋಳದ ಬದುಕು ಬೇಕಾಗಿತ್ತೇ? ಇನ್ನು ಕೊಲ್ಲೋದೇ ಇದ್ದರೆ ಆಗಲೇ ಮರಣದಂಡನೆ ಆಗಿತ್ತಲ್ಲ, ಇಳಿಸೋ ಕಷ್ಟ ಯಾಕೆ? ನಮಗೆ ಈ ಕೊನೆಯ ಪ್ರಶ್ನೆ ಹೆಚ್ಚು ತೂಕದ್ದು ಅನಿಸ್ತದೆ. ಆದರೆ ಒಂದು ತೊಡಕು ಇದೆ, ಅದನ್ನು ಮುಚ್ಚಿಡಲ್ಲ. ಆ ಗುಡಾರದ ಕಥೆ ನಮಗೆ ಬಂದಿರೋದು ಕಾವಲಿನವರ ಕಡೆಯಿಂದ, ಅದನ್ನು ಬರೆದಿಟ್ಟ ಟೇಲರ್ ಅಲ್ಲಿರಲಿಲ್ಲ. ಠಕ್ಕರ ವಿಷಯದಲ್ಲಿ ಮಾಫಿ ಸಾಕ್ಷಿಯ ಮಾತನ್ನು ಅನುಮಾನಿಸಿದ ಮೇಲೆ, ಇಲ್ಲಿ ಕಾವಲುಗಾರನ ಮಾತನ್ನು ಹಾಗೇ ಒಪ್ಪೋದು ಸರಿಯಲ್ಲ. ಜಾತಕವಂತೂ ಸಾಕ್ಷಿಯೇ ಅಲ್ಲ. ಆದರೂ ಒಂದು ಮಾತು: ತಾನು ಈ ವರ್ಷ ಸಾಯುತ್ತೇನೆ ಅಂತ ಮನೆಯವರೆಲ್ಲ ನಂಬಿದ್ದು ಹುಡುಗನ ಕಿವಿಗೂ ಬಿದ್ದಿದ್ದರೆ, ಅದು ಬೆರಳಿನ ಮೇಲೆ ಕೆಲಸ ಮಾಡಿರಲಾರದೇ?

1860ರಲ್ಲಿ ಟೇಲರ್ ಆರೋಗ್ಯ ಕೆಟ್ಟು ಊರಿಗೆ ಹೋದ, ಐರ್ಲೆಂಡಿನ 
ಡಬ್ಲಿನ್ ಹತ್ತಿರ ನೆಲೆಸಿದ. ತಾರಾ, ರಾಲ್ಫ್ ಡಾರ್ನೆಲ್, ಸೀತಾ, ಹೀಗೆ ಕಾದಂಬರಿಗಳು ಬಂದವು. ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವೊಂದನ್ನೂ ಬರೆದ. ಚಾಂದ್ ಬೀಬಿಯ ಕುರಿತ ಕಾದಂಬರಿ ಆತ ಸತ್ತ ಮೇಲೆ ಬಂತು.

1875ರಲ್ಲಿ ಕಣ್ಣು ಮಂಜಾಗುತ್ತಿದ್ದರೂ ಸಾಲಾರ್ ಜಂಗನ ಕರೆಗೆ ಇನ್ನೊಮ್ಮೆ ಹೈದರಾಬಾದಿಗೆ ಬಂದ. ಹಿಂದಿನ ವರ್ಷವಷ್ಟೇ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಶುರುವಾಗಿತ್ತು. ಬೊಂಬಾಯಿಯಿಂದ ರೈಲಲ್ಲೇ ಬಂದಿದ್ದರೆ ಶಹಾಬಾದ ದಾಟಿ, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ ಮೇಲೇ ಹೋಗಿರಬೇಕು. ಒಂದು ಕಾಲಕ್ಕೆ ತಿಂಗಳುಗಟ್ಟಲೆ ನಡೆದು ಹೋಗೋ ಜನ ಮಾಯವಾಗುತ್ತಿದ್ದ ಸೀಮೆ ಒಂದು ಹಗಲಿನ ಪ್ರಯಾಣವಾಗಿತ್ತು. ಟಿಕೆಟ್ ಇತ್ತು, ಟೈಮ್ ಟೇಬಲ್ ಇತ್ತು, ಹೊರಟವನು ಮುಟ್ಟಿದನೋ ಇಲ್ಲವೋ ಅಂತ ಕೇಳಲು ತಂತಿ ಇತ್ತು. ಠಕ್ಕರ ಕಸುಬು ಮುಗಿದದ್ದಕ್ಕೆ ಸ್ಲೀಮನ್ನನಷ್ಟೇ ಪಾಲು ಈ ಹಳಿಗಳಿಗೂ ಇದೆ ಅಂತ ನಮ್ಮ ಲೆಕ್ಕ.

ಇಲ್ಲಿ ಜ್ವರ ಹತ್ತಿತು. ವಾಪಸ್ ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಊರಲ್ಲಿ ಟೇಲರ್ ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಅಪ್ಪನ ಆತ್ಮಕಥೆಯನ್ನು ಅಚ್ಚಿಗೆ ಕೊಟ್ಟಳು. ರಾಣಿ ಹೇಳಿದ ಗುಟ್ಟು, ಜೈಲಿನ ಭೇಟಿ, ಗುಡಾರದ ಗುಂಡು, ಎಲ್ಲ ಹೊರಜಗತ್ತಿಗೆ ತಿಳಿದದ್ದು ಆ ಪುಸ್ತಕದಿಂದ.